ಸರ್ಕಾರ ಎಲ್ಲಿ ಕೈ ಹಾಕಬೇಕು, ಎಲ್ಲಿ ಸುಮ್ಮನಿರಬೇಕು? ಕೋಲಾರ, ಚಿಕ್ಕಬಳ್ಳಾಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ, ಹಳ್ಳಿ ಡೇರಿ ಮುಂದೆ, ಡಿಗ್ರಿ ಕಾಲೇಜಿನ ಮಕ್ಕಳ ಜೊತೆ, ಎಲ್ಲಿ ಮಾತಿಗೆ ಕೂತರೂ ಸ್ವಲ್ಪ ಹೊತ್ತಿಗೆ ಮಾತು ಸರ್ಕಾರದ ಕಡೆ ತಿರುಗುತ್ತದೆ. ಪತ್ರ ಬರೆಯುವವರೂ ಅದನ್ನೇ ಕೇಳುತ್ತಾರೆ. ಒಬ್ಬರು "ಸರ್ಕಾರ ಏನೂ ಮಾಡಲ್ಲ" ಎನ್ನುತ್ತಾರೆ. ಪಕ್ಕದವರು "ಎಲ್ಲದಕ್ಕೂ ಮೂಗು ತೂರಿಸುತ್ತೆ" ಎನ್ನುತ್ತಾರೆ. ಎಷ್ಟೋ ಸಲ ಎರಡನ್ನೂ ಒಬ್ಬರೇ ಹೇಳುತ್ತಾರೆ, ಎರಡರಲ್ಲೂ ನಿಜ ಇರುತ್ತದೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು, ನನಗೆ ಸರಿ ಕಂಡ ಉತ್ತರ ಬರೆದಿದ್ದೇನೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಬಹುದು.

## ಎಲ್ಲರೂ ಮೊದಲು ಕೇಳುವವು

ಸರ್ಕಾರ ಸರ್ಕಾರ ಅಂತೀರಲ್ಲ, ಯಾವ ಸರ್ಕಾರ? ಪಂಚಾಯ್ತಿನಾ, ಬೆಂಗಳೂರಾ, ದಿಲ್ಲಿನಾ?

ಮೂರೂ. ಆದರೆ ಕೆಲಸ ಬೇರೆ ಬೇರೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಇದನ್ನು ಹಂಚಿಟ್ಟಿದ್ದಾರೆ. ಕೃಷಿ, ಜಮೀನು, ಪೊಲೀಸು, ಆಸ್ಪತ್ರೆ ರಾಜ್ಯದ ಪಾಲು. ಬ್ಯಾಂಕು, ರೈಲು, ಆಮದು–ರಫ್ತು, ಕಸ್ಟಮ್ಸ್ ಸುಂಕ ಕೇಂದ್ರದ ಪಾಲು. ವಿದ್ಯುತ್ತು, ಕಾರ್ಮಿಕರ ಕಾನೂನು ಇಬ್ಬರದ್ದೂ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿಯ ನಂತರ ಪಂಚಾಯಿತಿಗಳಿಗೂ 29 ವಿಷಯಗಳ ಪಟ್ಟಿ ಇದೆ.

ಇದು ಪರೀಕ್ಷೆಗೆ ಓದುವ ವಿಷಯ ಮಾತ್ರ ಅಲ್ಲ. ಚೀನಾದ ಕಚ್ಚಾ ರೇಷ್ಮೆಗೆ ಎಷ್ಟು ಸುಂಕ ಎಂದು ಶಾಸಕರನ್ನು ಕೇಳಿ ಪ್ರಯೋಜನವಿಲ್ಲ, ಸಂಸದರನ್ನು ಕೇಳಬೇಕು. ಬೀದಿದೀಪಕ್ಕೆ ಸಂಸದರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ತಪ್ಪು ಬಾಗಿಲು ತಟ್ಟಿದರೆ "ಅದು ನಮ್ಮ ವ್ಯಾಪ್ತಿಗೆ ಬರಲ್ಲ" ಎಂಬ ಉತ್ತರ ಸಿಗುತ್ತದೆ. ಜನ ಅಲ್ಲಿಗೇ ಸುಸ್ತಾಗಿ ಬಿಟ್ಟುಬಿಡುತ್ತಾರೆ.

ನಾನು ಇನ್‌ಕಮ್ ಟ್ಯಾಕ್ಸ್ ಕಟ್ಟಲ್ಲ ಸಾರ್. ಲೆಕ್ಕ ಕೇಳೋಕೆ ನನಗೇನು ಹಕ್ಕು?

ನೀವು ತೆರಿಗೆ ಕಟ್ಟುತ್ತಿದ್ದೀರಿ. ಸೋಪಿನ ಬೆಲೆಯಲ್ಲಿ ಜಿಎಸ್‌ಟಿ ಇದೆ. 2025ರ ಸೆಪ್ಟೆಂಬರ್ 22ರವರೆಗೆ ಅದು ನೂರಕ್ಕೆ 18 ಇತ್ತು, ಈಗ 5. ಟ್ರ್ಯಾಕ್ಟರಿಗೆ ಹಾಕಿಸುವ ಡೀಸೆಲ್ ಜಿಎಸ್‌ಟಿಯ ಹೊರಗಿದೆ. ಅದರ ಮೇಲೆ ಕೇಂದ್ರದ ಅಬಕಾರಿ ಸುಂಕ ಬೇರೆ, ರಾಜ್ಯದ ಮಾರಾಟ ತೆರಿಗೆ ಬೇರೆ. ಜಮೀನು ರಿಜಿಸ್ಟರ್ ಮಾಡಿಸಿದರೆ ಮುದ್ರಾಂಕ ಶುಲ್ಕ. ಕೂಲಿ ಮಾಡುವವರು ದಿನದ ದುಡಿಮೆಯ ಹೆಚ್ಚು ಭಾಗವನ್ನು ಅಂಗಡಿಯಲ್ಲೇ ಖರ್ಚು ಮಾಡುತ್ತಾರೆ. ಹಾಗಾಗಿ ಆದಾಯಕ್ಕೆ ಹೋಲಿಸಿದರೆ ಇಂಥ ತೆರಿಗೆಯ ಹೊರೆ ಅವರಿಗೇ ಜಾಸ್ತಿ.

ಒಂದು ವೇಳೆ ಒಬ್ಬರು ಒಂದು ರೂಪಾಯಿಯೂ ಕಟ್ಟಲಿಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಹಕ್ಕು ಕಡಿಮೆಯಾಗುವುದಿಲ್ಲ. ಈ ದೇಶದಲ್ಲಿ ವೋಟು ಆಸ್ತಿ ನೋಡಿ ಕೊಟ್ಟಿದ್ದಲ್ಲ.

ಸರ್ಕಾರ ವ್ಯಾಪಾರ ಮಾಡಬಾರದು ಅಂತ ದೊಡ್ಡವರೆಲ್ಲ ಹೇಳ್ತಾರೆ. ಹಾಗಾದ್ರೆ ಅದು ಮಾಡಲೇಬೇಕಾದ ಕೆಲಸ ಯಾವುದು?

ನಮ್ಮ ಕೆರೆಗಳನ್ನೇ ನೋಡಿ. ಕೆರೆ ತುಂಬಿದರೆ ಅಚ್ಚುಕಟ್ಟಿನ ಎಲ್ಲರ ಬಾವಿಯಲ್ಲೂ ನೀರು ಬರುತ್ತದೆ. ಹೂಳು ತೆಗೆಸಲು ದುಡ್ಡು ಕೊಟ್ಟವನಿಗೂ ಬರುತ್ತದೆ, ಕೊಡದವನಿಗೂ ಬರುತ್ತದೆ. ಹೀಗಿರುವಾಗ ಒಬ್ಬನೇ ದುಡ್ಡು ಹಾಕುವುದಿಲ್ಲ. ಲಾಭ ನೋಡುವ ಕಂಪನಿಯೂ ಬರುವುದಿಲ್ಲ. ರಸ್ತೆ, ಲಸಿಕೆ, ತೂಕ–ಅಳತೆಯ ತಪಾಸಣೆ, ಕೋರ್ಟು, ಪ್ರಾಥಮಿಕ ಶಾಲೆ ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಇವನ್ನು ಸರ್ಕಾರ ಮಾಡಲೇಬೇಕು, ಇಲ್ಲಾ ಮಾಡಿಸಲೇಬೇಕು.

ಆದರೆ "ಸರ್ಕಾರ ಇಲ್ಲಾ ಮಾರುಕಟ್ಟೆ" ಎಂದು ಎರಡೇ ದಾರಿ ಇಲ್ಲ. ನಮ್ಮ ಕಡೆ ಕೆರೆಯ ತೂಬು ಎತ್ತಿ ನೀರು ಹಂಚುತ್ತಿದ್ದವನು ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು, ಕೊನೆಯ ಗದ್ದೆಗೆ ಯಾವಾಗ ಎಂದು ಅವನಿಗೆ ಗೊತ್ತಿತ್ತು. ಸುಗ್ಗಿಯಲ್ಲಿ ರೈತರು ಅವನ ಪಾಲಿನ ಕಾಳು ಅಳೆದು ಕೊಡುತ್ತಿದ್ದರು. ಅವನಿಗೆ ಸಂಬಳ ಕೊಡುತ್ತಿದ್ದದ್ದು ಊರು. ಕೆರೆ ಇಲಾಖೆಗೆ ಸೇರಿತು, ಬೋರ್‌ವೆಲ್ ಬಂತು, ನೀರುಗಂಟಿಯ ಕೆಲಸ ಹೋಯಿತು. ಅವನ ಜಾಗಕ್ಕೆ ಎಂಜಿನಿಯರ್ ಬಂದರೂ ಕೊನೆಯ ಗದ್ದೆಯ ಲೆಕ್ಕ ಇಟ್ಟುಕೊಳ್ಳುವವರು ಬರಲಿಲ್ಲ. ಆ ಕಾಲದ ಜಾತಿ ಕಟ್ಟುಪಾಡು ಮತ್ತೆ ಬರಬೇಕು ಎಂದು ನಾನು ಹೇಳುತ್ತಿಲ್ಲ. ಸರ್ಕಾರ ಒಂದು ಕೆಲಸ ವಹಿಸಿಕೊಳ್ಳುವಾಗ ಊರು ತಾನೇ ಮಾಡಿಕೊಳ್ಳುತ್ತಿದ್ದ ಯಾವ ಏರ್ಪಾಡು ಹಾಳಾಗುತ್ತದೆ ಎಂದು ನೋಡಬೇಕಿತ್ತು, ಅಷ್ಟೇ.

## ಬೆಲೆ, ಮಂಡಿ, ಮಾರುಕಟ್ಟೆ

ಟೊಮೆಟೊ ರೋಡಿಗೆ ಸುರಿಯುವಾಗ ಸರ್ಕಾರ ಎಲ್ಲಿರುತ್ತೆ? ರೇಟು ಬಂದಾಗ ಮಾತ್ರ ಯಾಕೆ ಓಡಿ ಬರುತ್ತೆ?

ಕೋಲಾರದಲ್ಲಿ ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಕೇಳುವವರ ಸಿಟ್ಟು ನ್ಯಾಯವಾದದ್ದು.

2023ರ ಜುಲೈ ನೆನಪಿಸಿಕೊಳ್ಳಿ. 15 ಕೆಜಿಯ ಒಂದು ಬಾಕ್ಸು ₹2,000 ದಾಟಿತು. ತೋಟಕ್ಕೆ ರಾತ್ರಿ ಕಾವಲು ಕೂತ ಕಾಲ ಅದು. ಆಗ ಕೇಂದ್ರ ಸರ್ಕಾರ ಎನ್‌ಸಿಸಿಎಫ್, ನಾಫೆಡ್ ಎಂಬ ಸಹಕಾರ ಸಂಸ್ಥೆಗಳ ಮೂಲಕ ಕರ್ನಾಟಕ, ಆಂಧ್ರ, ಮಹಾರಾಷ್ಟ್ರದಿಂದ ಟೊಮೆಟೊ ಕೊಂಡು ದಿಲ್ಲಿ ಸುತ್ತಮುತ್ತ ಮೊದಲು ಕೆಜಿಗೆ ₹90ಕ್ಕೆ, ಆಮೇಲೆ ₹80, ₹70ಕ್ಕೆ ಮಾರಿತು. ಊಟದ ಖರ್ಚು ಏರಿದ ಮನೆಗಳಿಗೆ ನೆರವಾಯಿತು, ಅದು ತಪ್ಪಲ್ಲ. ಆದರೆ ಅದೇ ಬಾಕ್ಸಿಗೆ ₹50 ಕೇಳುವವರೂ ಇಲ್ಲದೆ, ಬಿಡಿಸಿದ ಕೂಲಿ, ಗಾಡಿ ಬಾಡಿಗೆಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಹೋಗುವ ದಿನ ಅಷ್ಟು ಬೇಗ ಯಾರೂ ಬರುವುದಿಲ್ಲ. ಬೆಲೆ ಬಿದ್ದಾಗ ಕೊಳ್ಳಲು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಎಂದು ಒಂದಿದೆ. ಅದಕ್ಕೆ ರಾಜ್ಯ ಕೇಳಬೇಕು, ಕೇಂದ್ರ ಒಪ್ಪಬೇಕು, ಆದೇಶ ಬರಬೇಕು. ಹಣ್ಣು ಅಲ್ಲಿಯವರೆಗೆ ಕಾಯುವುದಿಲ್ಲ.

ಯಾಕೆ ಹೀಗೆ? ಕೊಳ್ಳುವವರು ಕೋಟಿಗಟ್ಟಲೆ, ನಗರದಲ್ಲಿದ್ದಾರೆ, ಬೆಲೆ ಏರಿದರೆ ಅದೇ ದಿನ ಟಿವಿಯಲ್ಲಿ ಸುದ್ದಿ. ಬೆಳೆಯುವವರು ಕೆಲವೇ ತಾಲ್ಲೂಕಿನವರು, ನಷ್ಟ ಒಬ್ಬೊಬ್ಬರ ಮನೆಯೊಳಗೇ ಉಳಿದುಬಿಡುತ್ತದೆ. ಸರ್ಕಾರ ಗದ್ದಲ ಎಲ್ಲಿ ಜಾಸ್ತಿಯೋ ಅಲ್ಲಿಗೆ ಮೊದಲು ಓಡುತ್ತದೆ.

ನನ್ನ ಅಭಿಪ್ರಾಯ ಹೇಳಬೇಕೆಂದರೆ, ದಿನದ ಬೆಲೆ ಕಟ್ಟುವ ಕೆಲಸ ಸರ್ಕಾರಕ್ಕೆ ಬೇಡ. ಅದು ಅದರ ಕೈಲಿ ಆಗುವುದೂ ಇಲ್ಲ. ಯಾರ್ಡಿನೊಳಗಿನ ನ್ಯಾಯವನ್ನು ಅದು ಕಾಯಬೇಕು. ಕಮಿಷನ್ ಕೊಳ್ಳುವವರಿಂದ ಹಿಡಿಯಬೇಕು, ಬೆಳೆದವರಿಂದಲ್ಲ ಎಂದು ಎಪಿಎಂಸಿ ಕಾನೂನು ಹೇಳುತ್ತದೆ. ಲೆಕ್ಕಕ್ಕೆ ಸಿಗದ ಬಿಳಿ ಚೀಟಿಯಲ್ಲಿ ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಕೈಗೆ ಕೊಡುವುದು ಎಲ್ಲರಿಗೂ ಗೊತ್ತಿರುವ ವಿಷಯ. ಮಂಡಿಯವರೇ ಬಿತ್ತನೆಗೆ ಮುಂಗಡ ಕೊಟ್ಟಿರುವಾಗ ರೈತ ಬಾಯಿ ಬಿಡುವುದು ಹೇಗೆ? ಅಲ್ಲಿಗೆ ಬ್ಯಾಂಕಿನ ಸಾಲವೂ ಸಿಗಬೇಕು, ತಪಾಸಣೆಯೂ ಬರಬೇಕು. ಎರಡೂ ಸರ್ಕಾರದ ಕೆಲಸಗಳೇ.

ರಾಗಿಗೆ, ಕೊಬ್ಬರಿಗೆ ಬೆಂಬಲ ಬೆಲೆ ಇದೆ. ಟೊಮೆಟೊಗೆ ಯಾಕಿಲ್ಲ?

ರಾಗಿಯನ್ನು ಗೋದಾಮಿನಲ್ಲಿ ಇಡಬಹುದು, ರೇಷನ್ ಅಂಗಡಿಯಲ್ಲಿ ಕೊಡಬಹುದು. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ ₹4,886. ಸರ್ಕಾರ ಕೊಂಡ ರಾಗಿಗೆ ಹೋಗಲು ಒಂದು ಜಾಗ ಇದೆ. ಟೊಮೆಟೊ ಕೊಂಡರೆ ವಾರದಲ್ಲಿ ಎಲ್ಲಿ ಸಾಗಿಸುವುದು? ಗುಣಮಟ್ಟ ನೋಡುವುದು, ಸಾಗಣೆ, ಕೊಳೆತದ್ದರ ಲೆಕ್ಕ, ಎಲ್ಲವೂ ಕಷ್ಟ. ಅಲ್ಲಿ ಶೀತಲ ಗೃಹ, ಪೇಸ್ಟ್ ಮಾಡುವ ಘಟಕ, ಬೆಲೆ ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ವ್ಯತ್ಯಾಸ ತುಂಬಿಕೊಡುವ ವಿಮೆ ಇಂಥವು ಹೆಚ್ಚು ನಡೆಯುತ್ತವೆ. ಟೊಮೆಟೊ, ಈರುಳ್ಳಿ, ಆಲೂಗಡ್ಡೆಗೆಂದೇ 2018ರ ಬಜೆಟ್ಟಿನಲ್ಲಿ ₹500 ಕೋಟಿಯ 'ಆಪರೇಷನ್ ಗ್ರೀನ್ಸ್' ಘೋಷಿಸಿದರು. ಇಡೀ ದೇಶದ ಮೂರು ಬೆಳೆಗೆ ಅದು ಸಣ್ಣ ಮೊತ್ತ.

ಪಕ್ಕದ ತಿಪಟೂರಿನ ಉಂಡೆ ಕೊಬ್ಬರಿ ನೋಡಿದರೆ ಬೆಂಬಲ ಬೆಲೆ ಯಾವಾಗ ಬೇಕಾಗುತ್ತದೆ ಎಂದು ಗೊತ್ತಾಗುತ್ತದೆ. 2023ರಲ್ಲಿ ಬೆಂಬಲ ಬೆಲೆ ₹11,750 ಇದ್ದಾಗ ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗಿತ್ತು. ನಾಫೆಡ್ ನೋಂದಣಿಗೆ ಜನ ರಾತ್ರಿಯೆಲ್ಲ ಸಾಲು ನಿಂತರು. 2025ರಲ್ಲಿ ಮಾರುಕಟ್ಟೆಯೇ ₹20,000 ದಾಟಿತು, ಖರೀದಿ ಕೇಂದ್ರ ಯಾರಿಗೂ ಬೇಕಾಗಲಿಲ್ಲ.

ಗೂಡು ನಾನು ಬೆಳೆದದ್ದು. ಮಾರ್ಕೆಟ್‌ಗೇ ತರಬೇಕು ಅನ್ನೋಕೆ ಸರ್ಕಾರ ಯಾರು?

ರೇಷ್ಮೆಗೂಡನ್ನು ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲೇ ಮಾರಬೇಕು ಎನ್ನುವುದು 1959ರ ಕಾಯ್ದೆಯಿಂದ ಬಂದದ್ದು. ಶಿಡ್ಲಘಟ್ಟದ ಹಿರಿಯ ರೈತರನ್ನು ಕೇಳಿ, ಯಾಕೆ ಬಂತು ಎಂದು ಅವರೇ ಹೇಳುತ್ತಾರೆ. ಹಣ್ಣಾದ ಗೂಡನ್ನು ಚಂದ್ರಿಕೆಯಿಂದ (ಹುಳು ಗೂಡು ಕಟ್ಟುವ ತಟ್ಟೆ) ಬಿಡಿಸಿದ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ. ದಿನ ಕಳೆದರೆ ಚಿಟ್ಟೆ ಗೂಡು ಕೊರೆದು ಬರುತ್ತದೆ, ಆಮೇಲೆ ಅದರಿಂದ ನೂಲು ಬಿಚ್ಚಲು ಆಗುವುದಿಲ್ಲ. ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಇದು ಚೆನ್ನಾಗಿ ಗೊತ್ತು. ಕಣ್ಣಂದಾಜಿನಲ್ಲಿ ಬೆಲೆ ಹೇಳಿ, ದುಡ್ಡು ಆಮೇಲೆ ಎಂದು ಹೋದರೆ ರೈತ ಮಾಡುವುದೇನು?

ಮಾರುಕಟ್ಟೆಯಲ್ಲಿ ಒಂದು ಲಾಟಿನ ಗೂಡನ್ನು ಹಲವು ರೀಲರ್‌ಗಳು (ಗೂಡಿನಿಂದ ನೂಲು ಬಿಚ್ಚಿಸುವವರು) ಕೈಯಲ್ಲಿ ಹಿಡಿದು ಅಲುಗಾಡಿಸಿ, ಹಿಸುಕಿ ನೋಡುತ್ತಾರೆ. ಈಗ ಮೊಬೈಲಿನಲ್ಲೇ ಬಿಡ್ ಹಾಕುತ್ತಾರೆ. ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಬೇಡ ಎನ್ನಬಹುದು. ತೂಕ ಸರ್ಕಾರಿ ತಕ್ಕಡಿಯಲ್ಲಿ. ಸರ್ಕಾರ ಇಲ್ಲಿ ಗೂಡು ಕೊಳ್ಳುವುದೂ ಇಲ್ಲ, ಬೆಲೆ ಹೇಳುವುದೂ ಇಲ್ಲ. ಬೆಲೆ ಸರಿಯಾಗಿ ಹುಟ್ಟುವ ಜಾಗ ಕಟ್ಟಿಕೊಡುತ್ತದೆ. ಸರ್ಕಾರಕ್ಕೂ ಮಾರುಕಟ್ಟೆಗೂ ಹೊಂದುವುದಿಲ್ಲ ಎನ್ನುವವರನ್ನು ಒಂದು ಬೆಳಿಗ್ಗೆ ಶಿಡ್ಲಘಟ್ಟಕ್ಕೆ ಕರೆದುಕೊಂಡು ಹೋಗಿ ತೋರಿಸಬೇಕು ಅನಿಸುತ್ತದೆ.

ಕಡ್ಡಾಯ ಈಗಲೂ ಬೇಕಾ ಎಂದರೆ, ಅಲ್ಲಿ ನನಗೆ ಅನುಮಾನವಿದೆ. ಒಳ್ಳೆಯ ಗುಣಮಟ್ಟದ ನೂಲು ಕೊಡುವ ದ್ವಿತಳಿ ಗೂಡು ಬೆಳೆದು ಒಬ್ಬ ರೀಲರ್ ಜೊತೆ ನೇರ ಒಪ್ಪಂದ ಮಾಡಿಕೊಳ್ಳುವ ಶಕ್ತಿ ಇರುವವರನ್ನು ತಡೆಯಬೇಕಾಗಿಲ್ಲ. ಮಾರುಕಟ್ಟೆ ಚೆನ್ನಾಗಿ ನಡೆದರೆ ಉಳಿದವರು ತಾವಾಗೇ ಬರುತ್ತಾರೆ.

ಹಾಲಿನ ಡೇರಿ ಸರ್ಕಾರದ್ದಾ, ನಮ್ಮದಾ?

ಕಾಗದದ ಮೇಲೆ ನಿಮ್ಮದು. ಊರಿನ ಸಂಘಕ್ಕೆ ಹಾಲು ಹಾಕುವವರೇ ಸದಸ್ಯರು, ಸಂಘಗಳು ಸೇರಿ ಒಕ್ಕೂಟ, ಒಕ್ಕೂಟಗಳು ಸೇರಿ ಕೆಎಂಎಫ್. ಆದರೆ ನಂದಿನಿ ಹಾಲಿನ ದರ ಏರಿಸಲು ಸರ್ಕಾರ ತಲೆಯಾಡಿಸಬೇಕು. ಲೀಟರಿಗೆ ₹5 ಪ್ರೋತ್ಸಾಹಧನ ಖಜಾನೆಯಿಂದ ಬರಬೇಕು, ಅದು ತಿಂಗಳುಗಟ್ಟಲೆ ತಡವಾಗುತ್ತದೆ. ಒಕ್ಕೂಟದ ಚುನಾವಣೆಯಲ್ಲಿ ಪಕ್ಷಗಳ ಪೈಪೋಟಿ ವಿಧಾನಸಭೆಗಿಂತ ಕಡಿಮೆಯಿಲ್ಲ.

ಆದರೂ ಈ ಏರ್ಪಾಡು ಉಳಿಯಬೇಕು ಎಂದು ಗಟ್ಟಿಯಾಗಿ ಹೇಳುತ್ತೇನೆ. ಎರಡು ಹಸು ಕಟ್ಟಿರುವ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಸಂಜೆ ಕ್ಯಾನು ತಂದು, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನ ಕೊಬ್ಬು, ಉಳಿದ ಘನಾಂಶ) ಎಷ್ಟು ಬಂತು ಎಂದು ಚೀಟಿ ನೋಡಿ, ದುಡ್ಡು ಬ್ಯಾಂಕಿಗೆ ಬರುತ್ತದೆ ಎಂಬ ನಂಬಿಕೆಯಲ್ಲಿ ಮನೆಗೆ ಹೋಗುತ್ತಾಳೆ. ಮಳೆ ಕೈಕೊಟ್ಟ ವರ್ಷ ಎಷ್ಟೋ ಮನೆ ನಡೆಯುವುದು ಇದರಲ್ಲೇ. 2019ರ ನವೆಂಬರಿನಲ್ಲಿ ಭಾರತ ಏಷ್ಯಾ–ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದಕ್ಕೆ ಸೇರದೆ ಹಿಂದೆ ಸರಿಯಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ನಮ್ಮ ಹಳ್ಳಿ ಡೇರಿಗಳ ಗತಿಯೇನು ಎಂಬ ಭಯ ಅದರ ಹಿಂದಿನ ಒಂದು ದೊಡ್ಡ ಕಾರಣ. ಸರ್ಕಾರ ಗಡಿಯಲ್ಲಿ ಕಾವಲಿರಲಿ, ಪ್ರೋತ್ಸಾಹಧನವನ್ನು ಹೊತ್ತಿಗೆ ಸರಿಯಾಗಿ ಕೊಡಲಿ. ಸಂಘದ ಆಡಳಿತ ಮಾತ್ರ ಹಾಲು ಹಾಕುವವರಿಗೆ ಬಿಡಲಿ.

## ನೀರು

ನನ್ನ ಜಮೀನು, ನನ್ನ ಬೋರ್‌ವೆಲ್. ಪರ್ಮಿಷನ್ ಯಾಕೆ ತಗೋಬೇಕು?

ಜಮೀನು ನಿಮ್ಮದು. ಅಡಿಯ ನೀರಿಗೆ ಬೇಲಿಯಿಲ್ಲ. ನೀವು 1,200 ಅಡಿ ಕೊರೆಸಿದರೆ ಪಕ್ಕದವರ 800 ಅಡಿಯದ್ದು ಬತ್ತುತ್ತದೆ, ಅವರು 1,400 ಕೊರೆಸಿದರೆ ನಿಮ್ಮದು. ಸಾಲ ಮಾತ್ರ ಇಬ್ಬರಿಗೂ ಉಳಿಯುತ್ತದೆ. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಕೊರೆಸಬಾರದು ಎಂದು 1999ರ ಕಾಯ್ದೆ ಹೇಳುತ್ತದೆ. ಅಂತರ್ಜಲ ಅತಿಯಾಗಿ ಬಳಕೆಯಾದ ತಾಲ್ಲೂಕುಗಳಲ್ಲಿ ಹೊಸ ಬೋರ್‌ವೆಲ್‌ಗೆ 2011ರ ಕಾಯ್ದೆಯ ಪ್ರಕಾರ ಅನುಮತಿ ಬೇಕು.

ಆದರೆ ಸರ್ಕಾರದ ಎಡಗೈ ಮಾಡುವುದು ಬಲಗೈಗೆ ಗೊತ್ತಿಲ್ಲ. ಒಂದು ಇಲಾಖೆ ಕೊರೆಯಬೇಡ ಎನ್ನುತ್ತದೆ. ಇನ್ನೊಂದು ಇಲಾಖೆ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಕೊಡುತ್ತದೆ. ನೀರಿಗೆ ಬೆಲೆಯಿಲ್ಲ, ಕರೆಂಟಿಗೆ ಬೆಲೆಯಿಲ್ಲ, ಹಾಗಾಗಿ ಮೋಟಾರು ಆಫ್ ಮಾಡುವ ಅಗತ್ಯ ಯಾರಿಗೂ ಇಲ್ಲ. ಉಚಿತ ವಿದ್ಯುತ್ತನ್ನು ಒಮ್ಮೆಲೆ ಕಿತ್ತುಕೊಂಡರೆ ಸಣ್ಣ ರೈತ ಸಾಯುತ್ತಾನೆ, ಅದನ್ನು ನಾನು ಒಪ್ಪುವುದಿಲ್ಲ. ಅಷ್ಟೇ ಮೊತ್ತವನ್ನು ಎಕರೆ ಲೆಕ್ಕದಲ್ಲಿ ರೈತರ ಖಾತೆಗೆ ಹಾಕಿ, ಮೀಟರ್ ಇಟ್ಟು, ಕಡಿಮೆ ಬಳಸಿದರೆ ಉಳಿದ ದುಡ್ಡು ಅವರಿಗೇ ಎಂದರೆ ಹೇಗೆ? ಇದನ್ನು ಸಭೆಗಳಲ್ಲಿ ಹೇಳಿದಾಗ ಬರುವ ಮೊದಲ ಮಾತು "ದುಡ್ಡು ಹಾಕ್ತಾರೆ ಅಂತ ನಂಬೋದು ಹೇಗೆ?" ಹಾಲಿನ ₹5ಕ್ಕೆ ಕಾದು ಕೂತವರು ಹಾಗೆ ಕೇಳಿದರೆ ತಪ್ಪೇನು?

ಬೆಂಗಳೂರಿನ ಕೊಳಚೆ ನೀರು ಕೊಟ್ಟು ಉಪಕಾರ ಮಾಡಿದ್ವಿ ಅಂತಾರೆ. ಎತ್ತಿನಹೊಳೆ ನೀರು ಯಾವಾಗ?

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಬಂತು. ಯೋಜನೆ ದಿನಕ್ಕೆ 44 ಕೋಟಿ ಲೀಟರಿನದ್ದು, 126 ಕೆರೆ ತುಂಬಿಸುವುದು ಗುರಿ. ಚಿಕ್ಕಬಳ್ಳಾಪುರದ ಕಡೆಗೆ ಇಂಥದ್ದೇ ಎಚ್.ಎನ್. ವ್ಯಾಲಿ ಯೋಜನೆ. ನೀರು ಬಂದ ಕೆಲವೇ ದಿನಕ್ಕೆ ನೊರೆ ಕಂಡಿತು, ವಿಷಯ ಹೈಕೋರ್ಟಿಗೆ, ಆಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ಇಲ್ಲಿನ ಹೋರಾಟಗಾರರು ಇಂದಿಗೂ ಕೇಳುತ್ತಿದ್ದಾರೆ.

ಎರಡು ಮಾತನ್ನೂ ಒಟ್ಟಿಗೆ ಹೇಳಬೇಕು. ಕೆರೆ ಅಂಚಿನ ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದದ್ದು ನಿಜ. ಆ ನೀರಿನಲ್ಲಿ ಏನಿದೆ ಎಂದು ಕೆರೆವಾರು, ತಿಂಗಳುವಾರು ಪರೀಕ್ಷೆ ಮಾಡಿ ಪಂಚಾಯಿತಿ ಗೋಡೆಗೆ ಅಂಟಿಸಿ ಎಂದು ಕೇಳುವುದು ದ್ರೋಹ ಅಲ್ಲ. ಉಪಕಾರದ ಮಾತಂತೂ ಬೇಡವೇ ಬೇಡ. ಬೆಂಗಳೂರಿಗೆ ಹಾಲು, ತರಕಾರಿ, ಕೂಲಿ ಜನ ಹೋಗುವುದು ಇಲ್ಲಿಂದಲೇ.

ಪಶ್ಚಿಮ ಘಟ್ಟದ ಹಳ್ಳಗಳ ನೀರನ್ನು ಈ ಕಡೆ ತರುವ ಎತ್ತಿನಹೊಳೆ ಯೋಜನೆಗೆ 2012ರಲ್ಲಿ ಹಾಕಿದ ಅಂದಾಜು ₹8,323 ಕೋಟಿ. ಅದು ₹12,912 ಕೋಟಿಯಾಯಿತು, ಆಮೇಲೆ ₹23,251 ಕೋಟಿಯಾಯಿತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ಮೊದಲ ಹಂತ ಉದ್ಘಾಟನೆಯಾಯಿತು. ಹೇಳಿದ 24 ಟಿಎಂಸಿ ನೀರು ಆ ಹಳ್ಳಗಳಲ್ಲಿ ನಿಜವಾಗಿ ಸಿಗುತ್ತದಾ ಎಂದು ಮೊದಲಿನಿಂದಲೂ ತಜ್ಞರು ಕೇಳುತ್ತಿದ್ದಾರೆ. ಇಷ್ಟು ದೊಡ್ಡ ಕೆಲಸ ಸರ್ಕಾರವಲ್ಲದೆ ಬೇರೆ ಯಾರೂ ಮಾಡಲಾರರು. ಅದಕ್ಕೇ ಪ್ರಶ್ನೆ ಕೇಳುವುದು ಇನ್ನೂ ಜಾಸ್ತಿ ಬೇಕು. ಅಂದಾಜು ಮೂರು ಪಟ್ಟಿನ ಹತ್ತಿರ ಏರಿದಾಗ ಯಾವ ಪಕ್ಷವೂ ಜಿಲ್ಲೆಯ ಜನರ ಮುಂದೆ ಕೂತು ಇಂಥ ಕಾರಣಕ್ಕೆ ಏರಿತು ಎಂದು ಬಿಡಿಸಿ ಹೇಳಲಿಲ್ಲ. ನನ್ನ ಸಿಟ್ಟು ಅದಕ್ಕೆ.

## ಕಾರ್ಖಾನೆ, ಜಮೀನು, ಕೆಲಸ

ಕೆಜಿಎಫ್ ಸರ್ಕಾರದ ಕೈಗೆ ಹೋಗಿದ್ದಕ್ಕೇ ಮುಚ್ಚಿತು, ಅಲ್ವಾ?

ಅಷ್ಟು ಸುಲಭವಾಗಿ ಹೇಳಲಾಗದು. 1880ರಿಂದ ಜಾನ್ ಟೇಲರ್ ಕಂಪನಿ ಗಣಿ ನಡೆಸಿತು. ಮೇಲಿನ ಒಳ್ಳೆಯ ಅದಿರು ತೆಗೆದದ್ದು ಆಗಲೇ. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡಾಗ ಗಣಿ ತುಂಬಾ ಆಳಕ್ಕೆ ಹೋಗಿತ್ತು. ಕೊನೆಗೆ ಮೂರು ಕಿಲೋಮೀಟರಿಗೂ ಕೆಳಗೆ ಇಳಿಯಬೇಕಾಯಿತು. ಟನ್ ಅದಿರಿಗೆ ಸಿಗುವ ಚಿನ್ನ ಕಡಿಮೆ, ಖರ್ಚು ಜಾಸ್ತಿ. 2001ರ ಫೆಬ್ರವರಿ 28ಕ್ಕೆ ಗಣಿ ನಡೆಸುತ್ತಿದ್ದ ಕೇಂದ್ರದ ಕಂಪನಿ ಬಿಜಿಎಂಎಲ್ ಮುಚ್ಚಿತು. ಖಾಸಗಿಯವರ ಕೈಯಲ್ಲಿದ್ದರೆ ಬಹುಶಃ ಇನ್ನೂ ಮೊದಲೇ ಮುಚ್ಚುತ್ತಿತ್ತು.

ಖಾಸಗಿ ಕಂಪನಿ ತನ್ನ ಕಾಲ ಮೇಲೆ ತಾನೇ ನಿಂತಿತ್ತು ಎಂದೂ ಹೇಳಲಾಗದು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ತಂದದ್ದು ಮೈಸೂರು ಸರ್ಕಾರ.

ಸರ್ಕಾರ ನಿಜವಾಗಿ ಸೋತದ್ದು ಮುಚ್ಚಿದ ಮೇಲೆ. ಗಣಿ ನಿಲ್ಲುತ್ತದೆ ಎಂದು ವರ್ಷಗಳ ಮೊದಲೇ ಗೊತ್ತಿತ್ತು. ಊರಿಗೆ ಬೇರೆ ಕೆಲಸ, ಕಾರ್ಮಿಕರಿಗೆ ಮನೆ ಹಕ್ಕುಪತ್ರ, ಧೂಳು ಕುಡಿದು ಸಿಲಿಕೋಸಿಸ್ ಬಂದವರಿಗೆ ಚಿಕಿತ್ಸೆ ಏರ್ಪಾಡಾಗಬೇಕಿತ್ತು. ಇವತ್ತಿಗೂ ಅಲ್ಲಿಂದ ಸಾವಿರಾರು ಜನ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬದ ಧೂಳು ಗಾಳಿ ಬಂದಾಗೆಲ್ಲ ಮನೆಗಳಿಗೆ ನುಗ್ಗುತ್ತದೆ.

ಮಕ್ಕಳಿಗೆ ಕೆಲಸ ಬೇಕು, ಜಮೀನು ಕಿತ್ಕೊಳ್ಳೋದು ಬೇಡ. ಎರಡೂ ಆಗುತ್ತಾ?

ಪೂರ್ತಿ ಆಗುವುದಿಲ್ಲ. ಆದರೆ ಜಮೀನು ತೆಗೆದುಕೊಳ್ಳುವ ರೀತಿಯಲ್ಲಿ ತುಂಬಾ ವ್ಯತ್ಯಾಸವಿದೆ. ಕೇಂದ್ರದ 2013ರ ಕಾಯ್ದೆ ಪ್ರಕಾರ ಖಾಸಗಿ ಕಂಪನಿಗೆ ಜಮೀನು ಕೊಡಿಸಲು ನೂರಕ್ಕೆ 80 ಕುಟುಂಬಗಳ ಒಪ್ಪಿಗೆ ಬೇಕು. ಸರ್ಕಾರ–ಖಾಸಗಿ ಪಾಲುದಾರಿಕೆಗೆ 70. ಕೈಗಾರಿಕೆಗೆ ಜಮೀನು ಕೊಡಿಸುವ ರಾಜ್ಯದ ಮಂಡಳಿ ಕೆಐಎಡಿಬಿ ನಡೆಯುವುದು 1966ರ ಬೇರೆ ಕಾಯ್ದೆಯಲ್ಲಿ, ಅದರಲ್ಲಿ ಈ ಒಪ್ಪಿಗೆಯ ಲೆಕ್ಕ ಇಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಗೆ ಮೂರು ವರ್ಷಕ್ಕೂ ಹೆಚ್ಚು ಹೋರಾಟ ನಡೆದು, 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ನಮ್ಮ ಜಂಗಮಕೋಟೆಯಲ್ಲೂ ಇದೇ ವಿಷಯಕ್ಕೆ ಊರುಗಳೊಳಗೇ ಎರಡು ಗುಂಪಾಗಿದೆ.

ಪಾವಗಡದ ತಿರುಮಣಿ ಸೋಲಾರ್ ಪಾರ್ಕಿನಲ್ಲಿ ಬೇರೆ ದಾರಿ ಹಿಡಿದರು. ಸುಮಾರು 13,000 ಎಕರೆ, ಸ್ವಾಧೀನ ಇಲ್ಲ, 28 ವರ್ಷದ ಗುತ್ತಿಗೆ. ಎಕರೆಗೆ ವರ್ಷಕ್ಕೆ ₹21,000ದಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ. ಪಹಣಿ ರೈತರ ಹೆಸರಲ್ಲೇ ಉಳಿಯಿತು. ಬರದ ನೆಲಕ್ಕೆ ಅದು ಒಳ್ಳೆಯ ಬಾಡಿಗೆ. ಆದರೆ ಬಾಡಿಗೆ ಬಂದದ್ದು ಜಮೀನಿದ್ದವರಿಗೆ. ಅದೇ ಜಮೀನಿನಲ್ಲಿ ಕಳೆ ಕೀಳುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಏನೂ ಬರಲಿಲ್ಲ. ಗುತ್ತಿಗೆ ಮಾದರಿ ನನಗೆ ಇಷ್ಟ, ಆದರೆ ಕೂಲಿಯವರಿಗೂ ಅದರಲ್ಲಿ ಪಾಲು ಬರೆದಿಡಬೇಕು.

ನರಸಾಪುರದಲ್ಲಿ ಕೆಲಸ ಮಾಡ್ತೀನಿ. ಕಂಪನಿ ಸಂಬಳ ಕೊಡುತ್ತೆ, ಮಧ್ಯೆ ಸರ್ಕಾರ ಯಾಕೆ?

2020ರ ಡಿಸೆಂಬರ್ 12ರಂದು ಅಲ್ಲಿನ ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಗಲಾಟೆಯಾಗಿ ಗಾಜು, ಯಂತ್ರ ಒಡೆದವು. ಒಡೆದದ್ದು ತಪ್ಪು. ಆದರೆ ತನಿಖೆಯಲ್ಲಿ ಸಂಬಳ, ಕೆಲಸದ ಹೊತ್ತಿನ ಲೆಕ್ಕದಲ್ಲಿ ಲೋಪ ಇದ್ದದ್ದೂ ಹೊರಬಂತು. ಕಾರ್ಮಿಕ ಇಲಾಖೆ ಮೊದಲೇ ಹಾಜರಿ, ವೇತನದ ಪುಸ್ತಕ ನೋಡಿದ್ದರೆ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಇಂಥ ಕಂಪನಿಗಳಿಗೆ ಕೇಂದ್ರದ ಪಿಎಲ್‌ಐ ಯೋಜನೆಯಲ್ಲಿ ಹೆಚ್ಚುವರಿ ಮಾರಾಟದ ನೂರಕ್ಕೆ 4ರಿಂದ 6ರಷ್ಟು ಪ್ರೋತ್ಸಾಹಧನ ಕೊಟ್ಟದ್ದು ಸರ್ಕಾರವೇ. ಅಂದ ಮೇಲೆ ಸಂಬಳದ ಚೀಟಿ ಕೇಳುವ ಹಕ್ಕೂ ಅದಕ್ಕೆ ಇದೆ. ನೀವು ಲೇಬರ್ ಕಂಟ್ರಾಕ್ಟರ್ ಮೂಲಕ ಸೇರಿದವರಾದರೆ ನೇಮಕಾತಿ ಪತ್ರ, ಪಿಎಫ್, ಇಎಸ್‌ಐ ನಂಬರು ಇಸಿದುಕೊಳ್ಳಿ.

## ಚರ್ಚೆ ಬಿಸಿಯಾಗುವ ಪ್ರಶ್ನೆಗಳು

ಫ್ರೀ ಕೊಟ್ಟು ಕೊಟ್ಟು ಜನರನ್ನ ಸೋಮಾರಿ ಮಾಡ್ತಿದ್ದಾರೆ. ಒಪ್ತೀರಾ?

ಒಪ್ಪುವುದಿಲ್ಲ. ಬೆಳಿಗ್ಗೆ ಮಾಲೂರಿನಲ್ಲೋ ಚಿಂತಾಮಣಿಯಲ್ಲೋ ಬೆಂಗಳೂರಿನ ಬಸ್ಸಿಗೆ ಕಾಯುವ ಹೆಂಗಸರನ್ನು ನೋಡಿ. ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ, ಆಸ್ಪತ್ರೆಗೆ ಹೊರಟವರು ಅವರು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾಗಿ ಅವರ ಟಿಕೆಟ್ ದುಡ್ಡು ಉಳಿಯಿತು. ಗೃಹಲಕ್ಷ್ಮಿಯ ₹2,000 ನಂಬಿ ಕೆಲಸ ಬಿಟ್ಟವರನ್ನು ನಾನು ಕಂಡಿಲ್ಲ. ಚೀಟಿ ಕಟ್ಟಿದವರನ್ನು, ಮಕ್ಕಳ ಫೀಸಿಗೆ ಇಟ್ಟವರನ್ನು ಕಂಡಿದ್ದೇನೆ.

ಖರ್ಚಿನ ಪ್ರಶ್ನೆ ಬೇರೆ, ಅದು ಗಂಭೀರವಾದದ್ದು. 2025–26ರ ರಾಜ್ಯ ಬಜೆಟ್ ₹4,09,549 ಕೋಟಿ, ಅದರಲ್ಲಿ ಐದು ಗ್ಯಾರಂಟಿಗೆ ₹51,034 ಕೋಟಿ. ಎಂಟರಲ್ಲಿ ಒಂದು ಪಾಲು. ಇದರಿಂದ ಶಾಲೆಗೆ ಮೇಷ್ಟ್ರು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಡಾಕ್ಟರು ಕಡಿಮೆಯಾದರೆ ಬಡವರಿಗೇ ನಷ್ಟ. ಕೈಗೆ ಬಂದ ₹2,000 ಖಾಸಗಿ ಕ್ಲಿನಿಕ್ಕಿಗೆ ಹೋಗುತ್ತದೆ. ಇದನ್ನು ಕೇಳುವವರು ಕಂಪನಿಗಳಿಗೆ ಕೊಡುವ ತೆರಿಗೆ ರಿಯಾಯಿತಿ, ಅಗ್ಗದ ಜಮೀನನ್ನೂ ಅದೇ ದನಿಯಲ್ಲಿ ಕೇಳಬೇಕು.

ನಮ್ಮ ತೆರಿಗೆ ದಿಲ್ಲಿಗೆ ಹೋಗಿ ವಾಪಸ್ ಬರಲ್ಲ ಅಂತಾರೆ. ನಿಜಾನಾ?

ಪೂರ್ತಿ ವಾಪಸ್ ಬರುವ ಪದ್ಧತಿ ಯಾವ ಒಕ್ಕೂಟ ದೇಶದಲ್ಲೂ ಇಲ್ಲ, ಬಡ ರಾಜ್ಯಕ್ಕೆ ಪಾಲು ಹೋಗಲೇಬೇಕು. ಆದರೆ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲನ್ನು 15ನೇ ಹಣಕಾಸು ಆಯೋಗ ನೂರಕ್ಕೆ 4.713ರಿಂದ 3.647ಕ್ಕೆ ಇಳಿಸಿತು. ಕೇಂದ್ರ ತೆರಿಗೆಯ ಮೇಲೆ ಹಾಕುವ ಸೆಸ್, ಸರ್‌ಚಾರ್ಜ್ ಹಂಚಿಕೆಗೇ ಬರುವುದಿಲ್ಲ. ದೂರು ನ್ಯಾಯವಾದದ್ದೇ.

ಅದೇ ಅಳತೆಗೋಲನ್ನು ಬೆಂಗಳೂರಿನ ಮುಂದೆಯೂ ಹಿಡಿಯಬೇಕು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕು ಹಿಂದುಳಿದಿವೆ ಎಂದು ಪಟ್ಟಿ ಕೊಟ್ಟಿತ್ತು. ದಿಲ್ಲಿಯ ಮುಂದೆ ಪಾಲು ಕೇಳುವ ಬೆಂಗಳೂರು ಬಾಗೇಪಲ್ಲಿಗೆ, ಶ್ರೀನಿವಾಸಪುರಕ್ಕೆ, ಅಲ್ಲಿನ ಪಂಚಾಯಿತಿಗಳಿಗೆ ಎಷ್ಟು ಕೊಡುತ್ತಿದೆ?

ವಿಶ್ವೇಶ್ವರಯ್ಯನವರಂಥ ಒಬ್ಬರು ಬಂದ್ರೆ ಸಾಕಲ್ವಾ? ಈ ಚುನಾವಣೆ ಗದ್ದಲ ಯಾಕೆ?

ಅವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯದು, ಆ ಹೆಮ್ಮೆ ನನಗೂ ಇದೆ. 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಮೈಸೂರು ಬ್ಯಾಂಕು, ವಿಶ್ವವಿದ್ಯಾಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ತಳಪಾಯ, ಎಲ್ಲ ಆಯಿತು. ಸರ್ಕಾರವೇ ಮುಂದೆ ನಿಂತು ಉದ್ಯಮ ಕಟ್ಟಬೇಕು ಎಂದು ನಂಬಿ ಕಟ್ಟಿ ತೋರಿಸಿದವರು ಅವರು. ಖಾಸಗಿ ಬಂಡವಾಳ ಹೆದರಿ ಕೂತ ಕಾಲದಲ್ಲಿ ಅದು ಸರಿಯಾದ ನಿರ್ಧಾರ.

ಆದರೆ ಹಿಂದುಳಿದ ಜಾತಿಗಳಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಕೊಡುವ ವಿಷಯದಲ್ಲಿ ಅವರಿಗೂ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಅಭಿಪ್ರಾಯ ಕೂಡಲಿಲ್ಲ. ಅಷ್ಟು ದೊಡ್ಡ ಆಡಳಿತಗಾರರಿಗೂ ಯಾರು ಹೊರಗೆ ಉಳಿದಿದ್ದಾರೆ ಎನ್ನುವುದು ಸರಿಯಾಗಿ ಕಾಣಲಿಲ್ಲ. ಹೊರಗೆ ಉಳಿದವರೇ ಬಂದು ಹೇಳಬೇಕಾಯಿತು.

ಅದೇ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥ ಇದೆ. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಿ ಸಭೆ ಸೇರಿದ್ದ ಜನರ ಮೇಲೆ ಮೈಸೂರು ಸರ್ಕಾರದ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಆಗ ಮೈಸೂರು ಮಾದರಿ ಸಂಸ್ಥಾನ ಎಂದು ಹೆಸರು ಮಾಡಿತ್ತು. ಕಾರ್ಖಾನೆ ಇತ್ತು, ವಿದ್ಯುತ್ತಿತ್ತು, ಒಳ್ಳೆಯ ಅಧಿಕಾರಿಗಳಿದ್ದರು. ಜನ ಸೇರಿ ಬಾವುಟ ಹಿಡಿಯುವಂತಿರಲಿಲ್ಲ. ಜನರಿಗೆ ಉತ್ತರ ಕೊಡಬೇಕಾದ ಜವಾಬ್ದಾರಿ ಸರ್ಕಾರ ಬಂದದ್ದು 1947ರ ಅಕ್ಟೋಬರ್‌ನಲ್ಲಿ. ಅದರ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ ನಮ್ಮ ಕೋಲಾರದ ಕ್ಯಾಸಂಬಳ್ಳಿಯವರು.

ಸರ್ಕಾರ ದೊಡ್ಡದಿರಬೇಕಾ ಚಿಕ್ಕದಿರಬೇಕಾ ಎಂದು ಗಂಟೆಗಟ್ಟಲೆ ವಾದ ಮಾಡುವವರಿಗೆ ಈ ಎರಡೂ ಊರಿಗೆ ಹೋಗಿ ಬನ್ನಿ ಎನ್ನುತ್ತೇನೆ. ಮುದ್ದೇನಹಳ್ಳಿಯವರು ಕಟ್ಟಿದಂಥದ್ದು ನನಗೆ ಬೇಕು. ಅದನ್ನು ಕಟ್ಟುವವರನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಹಕ್ಕು, ವಿದುರಾಶ್ವತ್ಥದಲ್ಲಿ ಜನ ಪ್ರಾಣ ಕೊಟ್ಟು ಕೇಳಿದ್ದು, ಅದಕ್ಕಿಂತ ಮೊದಲು ಬೇಕು.

ನೀವು ಎಡನಾ, ಬಲನಾ? ಯಾವ ಪಾರ್ಟಿ?

ಯಾವ ಪಾರ್ಟಿಯ ಸದಸ್ಯನೂ ಅಲ್ಲ. ಗೂಡಿನ ಮಾರುಕಟ್ಟೆ ವಿಷಯದಲ್ಲಿ ನನ್ನ ಮಾತು ಒಬ್ಬರಿಗೆ ಬಲ ಅನಿಸಬಹುದು, ಬಸ್ಸಿನ ವಿಷಯದಲ್ಲಿ ಇನ್ನೊಬ್ಬರಿಗೆ ಎಡ ಅನಿಸಬಹುದು.

ಇಷ್ಟೆಲ್ಲ ಸರಿ. ನಾನೊಬ್ಬ ಕೇಳಿದ್ರೆ ಯಾರು ಉತ್ತರ ಕೊಡ್ತಾರೆ?

ಗ್ರಾಮಸಭೆಯಿಂದ ಶುರು ಮಾಡಿ. ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಲೇಬೇಕು ಎಂದು ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಒಬ್ಬರೇ ಹೋಗಬೇಡಿ, ನಾಲ್ಕೈದು ಮನೆಯವರು ಸೇರಿ ಹೋಗಿ. "ಅಭಿವೃದ್ಧಿ ಆಗಿಲ್ಲ" ಎಂದು ಭಾಷಣ ಮಾಡದೆ ಒಂದೇ ಕೆಲಸ ಹಿಡಿದು ಕೇಳಿ: ಕೆರೆ ಏರಿ ರಿಪೇರಿಗೆ ಎಷ್ಟು ಮಂಜೂರಾಯಿತು, ಯಾರಿಗೆ ಬಿಲ್ ಆಯಿತು, ಅಳತೆ ಪುಸ್ತಕ ಎಲ್ಲಿದೆ? ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ, ಬರೆದದ್ದನ್ನು ಓದಿಸಿ, ಆಮೇಲೆ ಸಹಿ ಹಾಕಿ. ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ, ಅಲ್ಲಿ ಲೆಕ್ಕದ ಪುಸ್ತಕ ಜನರ ಮುಂದೆ ಇಡಬೇಕು. ಅದಕ್ಕೆ ಬರುವವರು ಕಡಿಮೆ, ನೀವು ಹೋಗಿ.

ಅಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ ₹10, ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಇದನ್ನು ತಪ್ಪಿಸಿದರೆ ಅದೇ ನೆಪದಲ್ಲಿ ಅರ್ಜಿ ವಾಪಸ್ ಬರುತ್ತದೆ. "ಯಾಕೆ ಮಾಡಿಲ್ಲ" ಎಂದು ಕೇಳಬೇಡಿ, "ಇಂಥ ದಾಖಲೆಯ ಪ್ರತಿ ಕೊಡಿ" ಎಂದು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ, ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ.